ಬಳ್ಳಿಯ ಆಯುಷ್ಯ, ಬೀಜದ ಆಯುಷ್ಯ

ಸ್ಪೇನ್ ದೇಶದ ಈಶಾನ್ಯ ಮೂಲೆಯಲ್ಲಿ, ಭೂಮಧ್ಯ ಸಮುದ್ರದ ತೀರಕ್ಕೆ ಹೊಂದಿಕೊಂಡು, ಕತಲೂನ್ಯವೆಂಬ ಪ್ರಾಂತವೊಂದಿರುವುದು. ಪುರಾತನ ಕಾಲದಿಂದಲೂ ಅದು ದ್ರಾಕ್ಷೆಯ ಸೀಮೆ. 1980ರ ದಶಕದಲ್ಲಿ ಅಲ್ಲಿಯ ಸ್ಥಳೀಯ ವೃತ್ತಪತ್ರಿಕೆಗಳಲ್ಲಿ ಒಂದು ವಿಲಕ್ಷಣವಾದ ಪ್ರಕಟಣೆ ಕಾಣಿಸಿಕೊಂಡಿತು. ಹೆಸರು ತಿಳಿಯದ ಹಳೆಯ ದ್ರಾಕ್ಷಾಲತೆ ಯಾರ ಹೊಲದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಬೇಕು ಎಂಬುದೇ ಅದರ ತಾತ್ಪರ್ಯ. ಪ್ರಕಟಿಸಿದವರು 1870ರಲ್ಲಿ ಸ್ಥಾಪಿತವಾದ ಟೊರೆಸ್ ಮನೆತನದ ದ್ರಾಕ್ಷಾಮದ್ಯ ತಯಾರಕರು. ಈ ಕಾರ್ಯಕ್ಕೆ ಮುಂದಾದವರು ಮಿಗೆಲ್ ಟೊರೆಸ್ ಎಂಬವರು. ರೈತರಿಂದ ಉತ್ತರಗಳು ಬಂದುವು. ತಜ್ಞರು ಹೋಗಿ ಎಲೆಯ ಆಕಾರ, ಗೊನೆಯ ಕಟ್ಟು, ಹಣ್ಣಿನ ವರ್ಣ ಇವುಗಳನ್ನು ನೋಡಿ, ಎಲ್ಲಿಯೂ ದಾಖಲೆಯಾಗದ ತಳಿಗಳನ್ನು ಬೇರೆ ತೆಗೆದರು. ನಾಲ್ಕು ದಶಕಗಳಲ್ಲಿ ಹೀಗೆ ದೊರೆತ ಪುರಾತನ ತಳಿಗಳು 50ಕ್ಕೂ ಹೆಚ್ಚು. ಗರ್ರೋ, ಕೆರೋಲ್, ಫೋರ್ಕಾದಾ ಎಂದು ಅವುಗಳ ಹೆಸರು. ಫೋರ್ಕಾದಾ ಎಂಬ ಬಿಳಿಯ ದ್ರಾಕ್ಷೆ ತಡವಾಗಿ ಮಾಗುವುದು, ಬಿಸಿಲಿನಲ್ಲಿಯೂ ತನ್ನ ಹುಳಿಯನ್ನು ಬಿಟ್ಟುಕೊಡದು. ಭೂಮಿ ವರ್ಷೇ ವರ್ಷೇ ಕಾಯುತ್ತಿರುವ ಈ ಕಾಲದಲ್ಲಿ ಆ ಗುಣಕ್ಕೆ ಬೆಲೆ ಬಂದಿದೆ.

ಈ ತಳಿಗಳು ಕಳೆದುಹೋದದ್ದೇಕೆ? ಅಮೆರಿಕೆಯಿಂದ ಬಂದ ಫಿಲಾಕ್ಸೆರ ಎಂಬ ಹೇನಿನಂಥ ಕೀಟವೊಂದು 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಾಬೇರುಗಳಿಗೆ ಬಿದ್ದು, 1878ರ ಹೊತ್ತಿಗೆ ಸ್ಪೇನನ್ನು ಮುಟ್ಟಿತು. ಬೇರನ್ನೇ ಹೀರುವ ಕೀಟಕ್ಕೆ ಔಷಧವೆಲ್ಲಿಯದು? ಕಡೆಗೆ ಅಮೆರಿಕೆಯ ಬಳ್ಳಿಯ ಬೇರಿಗೆ ತಮ್ಮ ಬಳ್ಳಿಯ ಕಡ್ಡಿಯನ್ನು ಕಸಿ ಕಟ್ಟುವುದೊಂದೇ ಉಪಾಯವಾಯಿತು. ತೋಟಗಳನ್ನೆಲ್ಲ ಹೊಸದಾಗಿ ನೆಡಬೇಕಾಗಿ ಬಂದಾಗ, ಹೆಚ್ಚು ಹಣ್ಣು ಬಿಡುವ, ಮಾರುಕಟ್ಟೆಯಲ್ಲಿ ಹೆಸರಿರುವ ಕೆಲವೇ ತಳಿಗಳನ್ನು ರೈತರು ಆರಿಸಿಕೊಂಡರು. ಉಳಿದುವು ಕಸಿಗೂ ಬಾರದೆ ಹೋದುವು. ಕೀಟವು ಕೊಂದುದಕ್ಕಿಂತ ಹೆಚ್ಚನ್ನು ಆಮೇಲಿನ ಆಯ್ಕೆಯು ಕೊಂದಿತೆಂದರೆ ತಪ್ಪಾಗಲಾರದು.

ಗೃಹಿಣಿಯರು ಓದುವ ಈ ಪತ್ರಿಕೆಯಲ್ಲಿ ಮದ್ಯದ ಗುಣಗಾನವೇ ಎಂದು ಹುಬ್ಬು ಗಂಟಿಕ್ಕುವವರು ತಾಳಬೇಕು. ನಮ್ಮ ಮಾತು ಹಣ್ಣನ್ನು ಕುರಿತದ್ದು. ಅಲ್ಲದೆ ದ್ರಾಕ್ಷೆ ನಮಗೆ ಪರಕೀಯವೂ ಅಲ್ಲ. ಗೋಸ್ತನೀ, ಮೃದ್ವೀಕಾ ಮೊದಲಾಗಿ ಅದಕ್ಕೆ ಕೋಶಗಳಲ್ಲಿ ಹಲವು ಹೆಸರುಗಳುಂಟು. ಕಾಪಿಶಿ ಎಂಬ ಊರಿನಿಂದ ಬಂದದ್ದನ್ನು ಏನೆನ್ನಬೇಕೆಂಬುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮಾಡಿರುವನು. ವೃತ್ತಿಕಾರರು ಕೊಡುವ ಉದಾಹರಣೆಗಳಲ್ಲಿ ದ್ರಾಕ್ಷೆಯೂ ಒಂದು. ಊರಿನ ಹೆಸರಿನಿಂದ ಹಣ್ಣನ್ನು ಗುರುತಿಸುವ ಪದ್ಧತಿ ಅಷ್ಟು ಹಳೆಯದು. ನಮ್ಮ ಯಾದಗಿರಿ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಾಗ ಹೈದರಾಬಾದಿನ ಅನಾಬ್-ಎ-ಶಾಹಿ ದ್ರಾಕ್ಷೆಗೆ ದೊಡ್ಡ ಹೆಸರಿದ್ದಿತು. ಈಗ ಬೀಜವಿಲ್ಲದ ದ್ರಾಕ್ಷೆಯು ಅದನ್ನು ಪಕ್ಕಕ್ಕೆ ಸರಿಸಿದೆ. ಅದಿರಲಿ. ಸ್ಪೇನಿನ ಕಥೆಯನ್ನು ನಾವು ಎತ್ತಿಕೊಂಡದ್ದು ದ್ರಾಕ್ಷೆಗಾಗಿ ಅಲ್ಲ, ಜೋಳಕ್ಕಾಗಿ.

ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳನ್ನು ಕಲಬುರಗಿಯಿಂದ ಬೇರ್ಪಡಿಸಿ ಜಿಲ್ಲೆಯನ್ನಾಗಿ ಮಾಡಿದ್ದು 2010ರಲ್ಲಿ. ಕೃಷ್ಣೆ ಭೀಮೆಯರ ನಡುವಿನ ಈ ನೆಲದಲ್ಲಿ ಎರೆಭೂಮಿಯೇ ಬಹಳ. ಉತ್ತರೆ ಹಸ್ತ ಮಳೆಗಳ ಹದಕ್ಕೆ ಬಿತ್ತಿದ ಹಿಂಗಾರಿ ಜೋಳವು ಆ ಮೇಲೆ ಮಳೆಯನ್ನು ಬೇಡದು. ಎರೆಯು ಹೊಟ್ಟೆಯಲ್ಲಿ ಹಿಡಿದಿಟ್ಟ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿ ಮಾಘಮಾಸದ ವರೆಗೆ ನಿಲ್ಲುವುದು. ಎಳ್ಳಮಾವಾಸ್ಯೆಯ ದಿನ ನಾವು ಚರಗ ಚೆಲ್ಲುವುದು ಆ ಪೈರಿಗೇ. ನಿಘಂಟುಗಳಲ್ಲಿ ಜೋಳಕ್ಕೆ ಯಾವನಾಲವೆಂದು ಹೆಸರು. ನಮ್ಮ ಹಳಗನ್ನಡದಲ್ಲಿಯಾದರೋ ‘ಜೋಳವಾಳಿ’ ಎಂಬ ಶಬ್ದವೇ ಇದ್ದಿತು: ಒಡೆಯನ ಅನ್ನವನ್ನು ಉಂಡ ಋಣಕ್ಕೆ ಪ್ರಾಣವನ್ನೊಪ್ಪಿಸುವ ಧರ್ಮವೆಂದು ಅದರ ಅರ್ಥ. ಅಕ್ಕಿಯ ಹೆಸರಿನಲ್ಲಿ ಅಂಥ ಶಬ್ದ ಹುಟ್ಟಲಿಲ್ಲವೆಂಬುದನ್ನು, ಅನ್ನವೇ ದೊಡ್ಡ ಊಟವೆಂದು ಭಾವಿಸುವ ನಮ್ಮ ಕಿರಿಯರು ಸ್ವಲ್ಪ ಲಕ್ಷ್ಯಕ್ಕೆ ತಂದುಕೊಳ್ಳಬಹುದು.

ಇಲ್ಲಿ ಪಂಡಿತರಾದವರು ಒಂದು ಆಕ್ಷೇಪವನ್ನು ಎತ್ತುವರು. ಜೋಳವೇ ದೇಶೀಯವಲ್ಲ, ಸುಮಾರು 5000 ವರ್ಷಗಳ ಹಿಂದೆ ಆಫ್ರಿಕದ ಸೂಡಾನಿನಲ್ಲಿ ಜನರು ಅದನ್ನು ಪಳಗಿಸುತ್ತಿದ್ದರೆಂಬುದಕ್ಕೆ ಕುರುಹುಗಳು ದೊರೆತಿವೆ. ನಿಜ. ಆದರೆ ಜಾತಿ ಬೇರೆ, ತಳಿ ಬೇರೆ. ಎಲ್ಲಿಂದಲೋ ಬಂದ ಕಾಳನ್ನು ನಮ್ಮ ಎರೆ, ನಮ್ಮ ಮಳೆ, ನಮ್ಮ ಹೆಣ್ಣುಮಕ್ಕಳ ಕೈ ಇವು ಸಹಸ್ರಾರು ವರ್ಷ ತಿದ್ದಿದುವು. ಹಾಗೆ ತಿದ್ದಿದ್ದಕ್ಕೆ ದೇಶೀ ಎಂದು ಹೆಸರು.

ಆ ತಿದ್ದುಗೆ ಎಷ್ಟು ಸೂಕ್ಷ್ಮವಾದದ್ದೆಂಬುದನ್ನು ಅಡುಗೆಮನೆಯಲ್ಲಿಯೇ ಕಾಣಬೇಕು. ರೊಟ್ಟಿಯ ಜೋಳ ಬಿಳಿಯದು, ಮುತ್ತಿನಂತೆ ಹೊಳೆಯುವುದು. ಅದರ ಹಿಟ್ಟಿಗೆ ಎಸರು ಹಾಕಿ ನಾದಿದರೆ ತಟ್ಟುವಾಗ ಅಂಚು ಒಡೆಯದು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲವಾದ್ದರಿಂದ, ಬಿಸಿನೀರಿಗೆ ಹಿಟ್ಟು ಎಷ್ಟು ಒಗ್ಗುವುದೋ ಅದರ ಮೇಲೆಯೇ ರೊಟ್ಟಿಯ ಭವಿಷ್ಯ ನಿಂತಿರುವುದು. ಅಳ್ಳಿನ ಜೋಳ ಸಣ್ಣ ಕಾಳಿನದು, ಗಟ್ಟಿ ಮೈಯದು. ಕಾವಿಗೆ ಒಳಗಿನ ತೇವವು ಹಬೆಯಾಗಿ, ಹೊರಬರಲು ದಾರಿ ಕಾಣದೆ, ಕಟ್ಟಕಡೆಗೆ ಕಾಳನ್ನೇ ಸಿಡಿಸಿ ಅರಳಿಸುವುದು. ಮೆದುಕಾಳಿನ ಜೋಳವನ್ನು ಹುರಿದರೆ ಕರಿದಾಗುವುದೇ ಹೊರತು ಅರಳಲೊಲ್ಲದು. ಸೀತನಿಯ ಜೋಳ ಮತ್ತೂ ಬೇರೆ. ಹಾಲುಗಾಳು ಗಟ್ಟಿಯಾಗುವ ಮುನ್ನ ಕೆಂಡದಲ್ಲಿ ಸುಟ್ಟು ಬಡಿದರೆ, ಅದು ಹೊಟ್ಟನ್ನು ಸುಲಭವಾಗಿ ಬಿಟ್ಟು, ಹಸುರಾಗಿ, ಸಿಹಿಯಾಗಿ ಕೈಗೆ ಬರುವುದು. ‘ಸಿಹಿ ತೆನೆ’ಯೇ ಜನರ ನಾಲಗೆಯಲ್ಲಿ ಸೀತನಿಯಾಯಿತೆಂದು ನಮಗೆ ತೋರುತ್ತದೆ. ಇವಲ್ಲದೆ ಕಡುಬಿನ ಜೋಳ, ಕೆಂಜೋಳ, ಗುಂಡುತೆನೆ, ಮುಗುತಿ ಎಂದು ಉತ್ತರ ಕರ್ನಾಟಕದಲ್ಲಿ ಹೆಸರುಗಳ ಸಾಲೇ ಇದ್ದಿತು. ಕೆಂಪು ಕಾಳಿನ ಒಗರಿಗೆ ಹಕ್ಕಿಗಳು ಹಿಂಜರಿಯುವುವು. ಬಿಡಿಬಿಡಿಯಾದ ತೆನೆಯಲ್ಲಿ ಮುಂಗಾರಿ ಮಳೆಯ ನೀರು ನಿಲ್ಲದೆ ಇಳಿದುಹೋಗುವುದು. ಎತ್ತರದ ದಂಟು ಎತ್ತುಗಳಿಗೆ ವರ್ಷವಿಡೀ ಕಣಿಕೆಯಾಗುವುದು. ಒಂದೊಂದು ಗುಣಕ್ಕೂ ಒಂದೊಂದು ತಳಿ.

ಇವು ಹೋದ ದಾರಿ ಸ್ಪೇನಿನ ದ್ರಾಕ್ಷೆಯ ದಾರಿಯೇ, ಆದರೆ ಇಲ್ಲಿ ಕೀಟವೊಂದರ ನೆಪವೂ ಬೇಕಾಗಲಿಲ್ಲ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ಮಾಲದಂಡಿ ಎಂಬ ನಾಡತಳಿಯಿಂದ ಆರಿಸಿ ಎಂ. 35-1 ಎಂಬ ಜೋಳವನ್ನು ತೆಗೆದರು. ರೊಟ್ಟಿಗೂ ಕಣಿಕೆಗೂ ಬರಕ್ಕೂ ಅದು ಒಳ್ಳೆಯದಾಗಿ ಹಿಂಗಾರಿ ಸೀಮೆಯಲ್ಲೆಲ್ಲ ಹಬ್ಬಿತು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಮೊದಲನೆಯ ಹೈಬ್ರಿಡ್ ಜೋಳ ಬಂದಿತು. ಮುಂಗಾರಿಯಲ್ಲಿ ಇಳುವರಿ ಏರಿತು, ದಂಟು ಗಿಡ್ಡವಾಯಿತು, ರೊಟ್ಟಿ ಆರಿದರೆ ಬಿರುಸಾಗುವುದೆಂಬ ದೂರು ಮನೆಮನೆಯಲ್ಲಿ ಕೇಳಿಬಂದಿತು. ಹಿಂಗಾರಿಯಲ್ಲಿ ಮಾತ್ರ ಹೈಬ್ರಿಡ್ಡಿಗೆ ಮಾಲದಂಡಿಯನ್ನು ಕದಲಿಸಲಾಗಲಿಲ್ಲ. ಇದನ್ನು ಕೇಳಿ ಹಿಗ್ಗುವವರು ಇನ್ನೊಂದು ಮಾತನ್ನೂ ನೆನೆಯಬೇಕು. ಇಂದು ನಾವು ದೇಶೀ ಎಂದು ಕೊಂಡಾಡುವ ಮಾಲದಂಡಿಯ ಈ ಒಂದೇ ಆಯ್ಕೆಯು ತನ್ನ ಅಣ್ಣತಮ್ಮಂದಿರಾದ ಎಷ್ಟೋ ಹಿಂಗಾರಿ ತಳಿಗಳನ್ನು ಹೊಲದಿಂದ ಹೊರಡಿಸಿತು. ಸ್ಪೇನಿನ ರಿಯೋಹ ಸೀಮೆಯಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ಟೆಂಪ್ರಾನಿಯೊ ಎಂಬ ದೇಶೀ ದ್ರಾಕ್ಷೆಯೇ ಉಳಿದ ದೇಶೀ ದ್ರಾಕ್ಷೆಗಳ ತಾವನ್ನು ನುಂಗಿತು. ಪರದೇಶಿಯೇ ಯಾವಾಗಲೂ ಶತ್ರುವೆಂದು ತಿಳಿಯುವುದು ಸರಿಯಲ್ಲ.

ಆ ಮೇಲೆ ನೀರು ಬಂದಿತು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣವಾಯಿತು. ಎಡದಂಡೆ ಕಾಲುವೆಯ ನೀರು ಸುರಪುರ ಶಹಾಪುರಗಳ ಹೊಲಗಳಿಗೆ ಹರಿದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದುವು. ಬರದ ವರ್ಷಗಳನ್ನು ಕಂಡ ಮನೆಗಳಲ್ಲಿ ಹಣ ಕಾಣಿಸಿಕೊಂಡಿತು, ಮಕ್ಕಳು ಶಾಲೆಗೆ ಬಂದರು. ಬಂದ ಮಕ್ಕಳಿಗೆ ಪಾಠ ಹೇಳಿದ ನಾವು ಅದನ್ನು ಅಲ್ಲಗಳೆಯಲಾರೆವು. ಕೆಲವು ಕಡೆ ಎರೆ ನೆಲವು ಸವಳು ಜವಳಾದದ್ದೂ ನಿಜ. ಜೋಳವಂತೂ ಕಾಲುವೆ ಮುಟ್ಟದ ಮೇಲುಹೊಲಕ್ಕೆ ಸರಿಯಿತು. ಸರಿಯುವಾಗ ರೊಟ್ಟಿಯ ಜೋಳವನ್ನು ಮಾತ್ರ ಕೈಹಿಡಿದು ಕರೆದೊಯ್ದಿತು. ಅಳ್ಳು, ಸೀತನಿ, ಕಡುಬುಗಳ ಜೋಳ ಹಿಂದೆ ಉಳಿದುವು.

ಸ್ಪೇನಿಗೂ ನಮಗೂ ಇರುವ ಮುಖ್ಯ ಭೇದ ಈಗ ಬರುತ್ತದೆ. ಸಸ್ಯಗಳಲ್ಲಿ ಬೀಜದಿಂದ ಬೆಳೆಯತಕ್ಕವು ಕೆಲವು, ಕಾಂಡದಿಂದ ಬೆಳೆಯತಕ್ಕವು ಕೆಲವೆಂದು ನಮ್ಮ ಪ್ರಾಚೀನರು ವಿಂಗಡಿಸಿದ್ದರು. ಕೌಟಿಲ್ಯನು ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಸ್ಕಾರವನ್ನು ವಿಧಿಸಿರುವನು: ಧಾನ್ಯದ ಬೀಜವನ್ನು ರಾತ್ರಿ ಇಬ್ಬನಿಗೆ, ಹಗಲು ಬಿಸಿಲಿಗೆ ಇಟ್ಟು ಹದಗೊಳಿಸಬೇಕು, ಕಾಂಡವನ್ನಾದರೆ ಕತ್ತರಿಸಿದ ಕಡೆ ಜೇನು, ತುಪ್ಪ, ಹಂದಿಯ ಕೊಬ್ಬು ಇವುಗಳನ್ನು ಬಳಿಯಬೇಕು. ದ್ರಾಕ್ಷೆ ಕಾಂಡದ ಸಸ್ಯ. ಅದರ ಬೀಜವನ್ನು ನೆಟ್ಟರೆ ತಾಯಿಯಂಥ ಬಳ್ಳಿ ಬಾರದು. ಕಡ್ಡಿಯನ್ನು ನೆಟ್ಟರೆ ತಾಯಿಯೇ ಮತ್ತೊಮ್ಮೆ ಚಿಗುರುವಳು. ನೂರು ವರ್ಷಕ್ಕೂ ಮಿಕ್ಕಿ ಬಾಳುವ ಬಳ್ಳಿಗಳುಂಟು. ಆದಕಾರಣ ಕತಲೂನ್ಯದ ಬಳ್ಳಿಯೊಂದು, ಯಾರೂ ಹೆಸರಿಡಿದು ಕರೆಯದಿದ್ದರೂ, ತಾತನು ಬಿಟ್ಟ ಬೇಲಿಯಲ್ಲಿ ನಿಂತಿದ್ದು ಮೊಮ್ಮಗನು ಪತ್ರಿಕೆಯಲ್ಲಿ ಪ್ರಕಟಣೆಯನ್ನು ಓದುವ ವರೆಗೆ ಕಾಯಬಲ್ಲುದು.

ಜೋಳ ಕಾಯಲಾರದು. ಮನೆಯಲ್ಲಿಟ್ಟ ಬೀಜವು ಮೂರು ನಾಲ್ಕು ವರ್ಷ ಕಳೆದರೆ ಮೊಳೆಯುವ ಶಕ್ತಿಯನ್ನು ಬಹುವಾಗಿ ಕಳೆದುಕೊಳ್ಳುವುದು; ಹುಳ ಬಿದ್ದರೆ ಅಷ್ಟೂ ಇಲ್ಲ. ಬಿತ್ತಿ, ಬೆಳೆದು, ತೆಗೆದಿಟ್ಟು, ಮತ್ತೆ ಬಿತ್ತಿದರೆ ಮಾತ್ರ ಅದು ಜೀವಂತ. ಒಂದು ಮನೆಯ ಒಬ್ಬ ಅತ್ತೆ ತೀರಿಕೊಂಡು, ಸೊಸೆಗೆ ಅದರಲ್ಲಿ ಆಸಕ್ತಿಯಿಲ್ಲದೆ ಎರಡು ಮೂರು ಹಂಗಾಮು ಕಳೆದರೆ, ಸಾವಿರ ವರ್ಷದ ತಳಿಯೊಂದು ಸದ್ದಿಲ್ಲದೆ ಮುಗಿದುಹೋಗಬಹುದು. ಅದಕ್ಕೆ ಬೇಲಿಯಿಲ್ಲ, ಹಳೆಯ ಕಾಂಡವಿಲ್ಲ. ನಾಳೆ ಯಾರಾದರೂ ಪತ್ರಿಕೆಯಲ್ಲಿ ಪ್ರಕಟಿಸಿದರೆ ಉತ್ತರ ಕೊಡತಕ್ಕವರು ಇರಲಾರರು.

ಶಹಾಪುರದ ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ಪರಿಚಯದ ವೃದ್ಧ ಗೃಹಿಣಿಯೊಬ್ಬರು ತೊಗರಿಯ ಹೊಲದ ಅಂಚಿನಲ್ಲಿ ಪ್ರತಿವರ್ಷವೂ ನಾಲ್ಕು ಸಾಲು ಅಳ್ಳಿನ ಜೋಳವನ್ನು ಹಾಕಿಸುತ್ತಾರೆ. “ಯವ್ವಾ, ಪ್ಯಾಟ್ಯಾಗ ಅಳ್ಳು ಸಿಗತಾವಲ್ಲ, ಇದರ ಉಸಾಬರಿ ಯಾಕ?” ಎಂದು ಕೇಳಿದೆವು. “ಪ್ಯಾಟಿ ಅಳ್ಳು ನಾಗಪ್ಪಗ ನಡೀತಾವೇನ್ರಿ ಸರ? ನಮ್ಮತ್ತಿ ಕೊಟ್ಟ ಬೀಜ ಐತಿ ಇದು. ನಾ ಹಾಕೂದು ಬಿಟ್ಟರ ಮತ್ತ ಎಲ್ಲಿಂದ ತರಲಿ?” ಎಂದರು. ಪಂಚಮಿಯ ಹಬ್ಬವು ಆ ತಳಿಯನ್ನು ಕಾಯ್ದಿದೆ. ಹಬ್ಬಕ್ಕೆ ಅಂಗಡಿಯ ಚುರುಮುರಿಯೇ ಸಾಕೆಂದು ಅವರು ಎಂದೋ ತೀರ್ಮಾನಿಸಿದ್ದರೆ ನಾಲ್ಕು ಸಾಲೂ ಇರುತ್ತಿರಲಿಲ್ಲ.

ಸರ್ಕಾರದವರು, ವಿಜ್ಞಾನಿಗಳು ಇದನ್ನು ಉಳಿಸಿಲ್ಲವೇ ಎಂದರೆ, ಉಳಿಸಿದ್ದಾರೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಬೀಜಭಂಡಾರದಲ್ಲಿ ನಾನಾ ದೇಶಗಳ 40,000ಕ್ಕೂ ಹೆಚ್ಚು ಜೋಳದ ಮಾದರಿಗಳಿವೆ. ಬಹುಕಾಲ ಬಾಳಬೇಕಾದ ಬೀಜಗಳನ್ನು ಅಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಇಡುವರು. ಮಹೋಪಕಾರವಾದ ಕಾರ್ಯ. ಆದರೂ ಅಲ್ಲಿ ಜೋಳವು ಒಂದು ಅಂಕೆಯಾಗಿ ಮಲಗಿರುವುದು. ಆ ಅಂಕೆಯ ಕಾಳು ಕಡುಬಿಗೋ ಸೀತನಿಗೋ, ಎಸರು ಎಷ್ಟು ಬಿಸಿಯಿರಬೇಕು, ಯಾವ ಮಳೆಗೆ ಬಿತ್ತಬೇಕು ಎಂಬುದನ್ನು ಶೀತಾಗಾರವು ಹೇಳಲಾರದು. ಅದನ್ನು ಬಲ್ಲ ಬಾಯಿಗಳು ನಮ್ಮ ಮನೆಗಳಲ್ಲಿವೆ, ಅವುಗಳ ವಯಸ್ಸೂ ಏರುತ್ತಲಿದೆ.

ಮನೆಯ ಕೈಗಳಲ್ಲಿಯೇ ಬೀಜವನ್ನು ಬದುಕಿಸಿದವರೂ ದೂರವೇನಿಲ್ಲ. ಬೀದರದ ಗಡಿಗೆ ತಾಗಿದ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ, ಬಹುತೇಕ ದಲಿತ ಕುಟುಂಬಗಳ ಹೆಣ್ಣುಮಕ್ಕಳು, ಜೋಳ ನವಣೆ ಸಜ್ಜೆಗಳ ಹಳೆಯ ಬೀಜಗಳನ್ನು ಮಡಿಕೆಗಳಲ್ಲಿ ಕಾಪಾಡಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವರು. ಅವರಿಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಅದೇ ಪ್ರಶಸ್ತಿಯು 2025ರಲ್ಲಿ ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರಿಗೆ, ಸಿರಿಧಾನ್ಯ ಮತ್ತು ಬೀಜರಕ್ಷಣೆಯ ಕಾರ್ಯಕ್ಕಾಗಿ ಲಭಿಸಿತು. ಯಾದಗಿರಿ ಸೀಮೆಯ ಹೆಸರು ಅಂಥ ಪಟ್ಟಿಯಲ್ಲಿ ಬರಲೆಂಬ ಆಸೆ ನಮಗೂ ಉಂಟು.

ಬೆಲೆಯ ಮಾತನ್ನೂ ಆಡಬೇಕು, ಏತಕ್ಕೆಂದರೆ ಒಕ್ಕಲಿಗನು ಬರಿಯ ಅಭಿಮಾನದಿಂದ ಬಿತ್ತಲಾರನು. ಟೊರೆಸ್ ಮನೆತನಕ್ಕೆ ಹತ್ತಾರು ವರ್ಷ ಕಾಯುವ ಬಂಡವಾಳವಿತ್ತು, ಮರಳಿ ದೊರೆತ ತಳಿಯ ಹೆಸರನ್ನು ಸೀಸೆಯ ಮೇಲೆ ಬರೆದು ಹೆಚ್ಚಿನ ಬೆಲೆಗೆ ಮಾರುವ ಮಾರ್ಗವಿತ್ತು. ನಮ್ಮಲ್ಲಿ 2025-26ನೇ ಸಾಲಿಗೆ ಕೇಂದ್ರ ಸರ್ಕಾರವು ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ, ಮಾಲದಂಡಿಗೆ 3,749 ರೂಪಾಯಿ. ಭೇದ 50 ರೂಪಾಯಿ. ಒಂದು ಕಿಲೋವಿಗೆ ಎಂಟಾಣೆ! ಅಳ್ಳಿನ ಜೋಳ ಸೀತನಿಯ ಜೋಳಗಳಿಗಂತೂ ಅಂಥ ಪ್ರತ್ಯೇಕ ಬೆಲೆಯೇ ಇಲ್ಲ. ಹೀಗಿರಲು ಪೇಟೆಯ ಗೃಹಿಣಿಯರು ಅಂಗಡಿಯಲ್ಲಿ ‘ಒಳ್ಳೆಯ ಜೋಳ ಕೊಡಿ’ ಎಂದು ಕೇಳುವ ಬದಲು ಹೆಸರಿಡಿದು ಕೇಳಿದರೆ, ಚಳಿಗಾಲದಲ್ಲಿ ಸೀತನಿ ತಂದು ಮಾರುವವರೊಡನೆ ಚೌಕಾಸಿಯನ್ನು ಸ್ವಲ್ಪ ಕಡಿಮೆ ಮಾಡಿದರೆ, ಅದೂ ಬೀಜರಕ್ಷಣೆಯ ಕೆಲಸವೇ.

ಹೊಲವುಳ್ಳವರು ಮಾಡತಕ್ಕದ್ದು ಕಷ್ಟವಾದದ್ದೇನಲ್ಲ. ನಮ್ಮ ತಾಯಿಯವರು ಕೊಯ್ಲಿಗೆ ಮುಂಚೆ ತಾವೇ ಹೊಲ ಸುತ್ತಿ, ತುಂಬುತೆನೆಗಳನ್ನು ನೋಡಿ ಮುರಿದು ತರುತ್ತಿದ್ದರು. ಕೆಲವನ್ನು ಒಲೆಯ ಮೇಲಣ ಹೊಗೆಗೆ ಜಂತಿಯಲ್ಲಿ ತೂಗಹಾಕುವರು, ಕೆಲವನ್ನು ಬಡಿದು, ಚೆನ್ನಾಗಿ ಒಣಗಿಸಿ, ಬೂದಿಯೊಡನೆ ಕಲಸಿ, ಬೇವಿನ ಸೊಪ್ಪು ಹಾಕಿ ಮಡಿಕೆಯ ಬಾಯನ್ನು ಮೆತ್ತುವರು. ತಿನ್ನುವ ಕಾಳು ಹಗೇವಿಗೆ, ಬೀಜ ಮಡಿಕೆಗೆ. ಇವೆರಡನ್ನೂ ಕೂಡಿಸುವ ಹಾಗಿರಲಿಲ್ಲ. ಜೋಳವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವುದಾದರೂ, ಪಕ್ಕದಲ್ಲಿ ಬೇರೆ ತಳಿಯಿದ್ದರೆ ಗಾಳಿಯಿಂದ ಅಷ್ಟಿಷ್ಟು ಬೆರಕೆಯಾಗುವುದು. ಅದಕ್ಕಾಗಿ ಬೀಜಕ್ಕೆಂದು ಆರಿಸಿದ ಹತ್ತಿಪ್ಪತ್ತು ತೆನೆಗಳಿಗೆ ಹೂ ಬಿಡುವ ಮುನ್ನ ಕಾಗದದ ಚೀಲವನ್ನು ಕಟ್ಟಿ, ಕಾಳು ಕಟ್ಟಿದ ಮೇಲೆ ತೆಗೆದರೆ ಸಾಕು. ಇಂಥ ಬೀಜವನ್ನು ಇಡುವುದು, ಬಿತ್ತುವುದು, ನೆರೆಯವರಿಗೆ ಕೊಡುವುದು, ಕಂಪನಿಯ ಹೆಸರು ಹಚ್ಚದೆ ಮಾರುವುದು, ಇವೆಲ್ಲ ರೈತನ ಹಕ್ಕೆಂದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಬಗ್ಗೆ ಯಾರೂ ಅಂಜಬೇಕಾದ್ದಿಲ್ಲ.

ಕತಲೂನ್ಯದವರಂತೆ ನಾವೂ ಒಂದು ಪ್ರಕಟಣೆಯನ್ನು ಹೊರಡಿಸುತ್ತೇವೆ. ಯಾದಗಿರಿ, ಶಹಾಪುರ, ಸುರಪುರಗಳ ಮತ್ತು ಸುತ್ತಲಿನ ವಾಚಕರಲ್ಲಿ ಯಾರ ಮನೆಯಲ್ಲಾದರೂ ರೊಟ್ಟಿಯ ಜೋಳವಲ್ಲದೆ ಬೇರೆ ಜೋಳದ ಬೀಜವಿದ್ದರೆ ಈ ಅಂಕಣಕ್ಕೆ ಬರೆದು ತಿಳಿಸಬೇಕು. ತಳಿಯ ಹೆಸರು, ಊರು, ಕಾಳಿನ ಬಣ್ಣ, ತೆನೆಯ ಆಕಾರ, ಯಾವ ಮಳೆಗೆ ಬಿತ್ತುವರು, ಯಾವ ಅಡುಗೆಗೆ ಬಳಸುವರು, ಬೀಜ ಯಾರಿಂದ ಬಂದಿತು ಎಂಬುದಿಷ್ಟನ್ನು ಬರೆದರಾಯಿತು. ಅಕ್ಷರ ಬಾರದ ಹಿರಿಯರಿದ್ದಲ್ಲಿ ಶಾಲೆಗೆ ಹೋಗುವ ಮಕ್ಕಳಿಂದ ಬರೆಯಿಸಬೇಕು. ಅಡುಗೆಯ ಕ್ರಮವನ್ನು ಹೇಳುವಾಗ ಅವರ ಮಾತನ್ನು ತಿದ್ದಬಾರದು. ಬಂದ ಹೆಸರುಗಳನ್ನು ಬಿತ್ತನೆಯ ಕಾಲಕ್ಕೆ ಮುಂಚಿನ ಸಂಚಿಕೆಯಲ್ಲಿ ಊರುಗಳ ಸಹಿತವಾಗಿ ಪ್ರಕಟಿಸುವೆವು.